ದೊಡ್ಡಮ್ಮನ ಬಾಯಲ್ಲಿ ಗುಂಡುಸೂಜಿ

ಬೀದಿಯವರು ಅವಳಿಗೆ ಬುಗುರಿ ಅಂತ ಅಡ್ಡಹೆಸರು ಇಟ್ಟಿದ್ದು ಸುಮ್ಮನೆ ಅಲ್ಲ. ಕೂತಲ್ಲಿ ಕೂರುವ, ನಿಂತಲ್ಲಿ ನಿಲ್ಲುವ ಜಾಯಮಾನವೇ ಅವಳದಲ್ಲ. ಹೊಲಿಗೆ ಯಂತ್ರದ ಮುಂದೆ ಮಾತ್ರ ಒಂದು ಕಡೆ ಕೂರುತ್ತಿದ್ದಳು, ಅದೂ ಅಲ್ಲಿ ಕಾಲು ಆಡಿಸುತ್ತಲೇ ಇರಬಹುದು ಎನ್ನುವ ಕಾರಣಕ್ಕೆ. ಸುತ್ತಮುತ್ತಲಿನವರ ಕೋಟು, ಫ್ರಾಕು, ಶಾಲೆಯ ಸಮವಸ್ತ್ರ, ಕಿಟಕಿಯ ಪರದೆ ಎಲ್ಲವೂ ಅವಳ ಕೈ ದಾಟಿಯೇ ಹೋಗಬೇಕು. ಅಳತೆ ತೆಗೆಯುವಾಗ ತುಟಿಗಳ ನಡುವೆ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡಿರುವಳು. ಗಿರಾಕಿ ಏನು ಕೇಳಿದರೂ ‘ಹ್ಞೂಂ’ ಅಥವಾ ‘ಊಹ್ಞೂಂ’, ಎರಡರಲ್ಲೇ ವ್ಯವಹಾರ ಮುಗಿಯುತ್ತಿತ್ತು. ಅವಳ ಬಾಯಿಂದ ನೆಟ್ಟಗೆ ಒಂದು ಮಾತು ಕೇಳಬೇಕಾದರೆ ಸೂಜಿ ಖಾಲಿಯಾಗುವ ತನಕ ಕಾಯಬೇಕು ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು.

ಆ ಭಾನುವಾರ ತಂಗಿ, ತಂಗಿಯ ಗಂಡ, ಅವರ ಎರಡು ಮಕ್ಕಳು ಊಟಕ್ಕೆ ಬರುವುದಿತ್ತು. ಬರೀ ಊಟಕ್ಕಾಗಿದ್ದರೆ ಅವಳು ಇಷ್ಟು ಒದ್ದಾಡುತ್ತಿರಲಿಲ್ಲ. ತಂಗಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ರಜೆ ಮುಗಿಯುತ್ತಾ ಬಂದಿತ್ತು. ಚಿಕ್ಕವನನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಮಗಳ ಊರಿಗೆ ಹೋಗಿ ಅಲ್ಲೇ ನಿಂತುಬಿಟ್ಟಿದ್ದಳು. ಮಗುವನ್ನು ಹಗಲು ಹೊತ್ತು ಅಕ್ಕನ ಮನೆಯಲ್ಲೇ ಬಿಟ್ಟರೆ ಹೇಗೆ ಎಂದು ತಂಗಿ ಯೋಚಿಸುತ್ತಿದ್ದಾಳೆ, ಆದರೆ ಮನೆಯ ತುಂಬಾ ಸೂಜಿ, ಕತ್ತರಿ, ಇಸ್ತ್ರಿಪೆಟ್ಟಿಗೆ ಇರುವುದರಿಂದ ಒಮ್ಮೆ ಕಣ್ಣಾರೆ ನೋಡಿ ಆಮೇಲೆ ನಿರ್ಧರಿಸುತ್ತಾಳಂತೆ. ತಂಗಿಯ ಗಂಡನಿಂದ ತಿಳಿದ ಈ ಗುಟ್ಟನ್ನು ಬಾಯಿಬಿಟ್ಟಿದ್ದು ಬುಗುರಿಯ ಗಂಡ. ಬಸ್ ಡಿಪೋದಲ್ಲಿ ಟೈರು ಬದಲಿಸುವವನು. ಭೂಮಿ ಬಾಯಿಬಿಟ್ಟರೂ ಮೊದಲು ಚಹಾ ಮುಗಿಸಿ ಆಮೇಲೆ ಎದ್ದು ನೋಡುವ ಆಸಾಮಿ. ಇಂಥ ಸುದ್ದಿಯನ್ನು ಅವನು ಟೂತ್‌ಪೇಸ್ಟ್ ಮುಗಿದಿದೆ ಎಂದಷ್ಟೇ ಸಲೀಸಾಗಿ ಹೇಳಿ ಪೇಪರು ಬಿಡಿಸಿಕೊಂಡ.

ಬುಗುರಿಗೆ ಮಕ್ಕಳಿರಲಿಲ್ಲ. ಅದರ ಬಗ್ಗೆ ಯಾರ ಮುಂದೆಯೂ ಕಣ್ಣೀರು ಹಾಕಿದವಳಲ್ಲ, ಯಾರಾದರೂ ಕರುಣೆ ತೋರಿಸಲು ಬಂದರೆ ಅಳತೆಪಟ್ಟಿ ಝಾಡಿಸಿ ಬೇರೆ ಮಾತು ತೆಗೆಯುತ್ತಿದ್ದಳು. ಆದರೆ ಒಂದು ಮಗು ಬೆಳಗ್ಗೆ ಬಂದು ಸಂಜೆ ತನಕ ತನ್ನ ಮನೆಯಲ್ಲೇ ಇರುತ್ತದೆ, ದೊಡ್ಡಮ್ಮಾ ಎಂದು ಸೆರಗಿಗೋ ಅಂಗಿಗೋ ಜೋತುಬೀಳುತ್ತದೆ ಎಂಬುದು ಕಿವಿಗೆ ಬಿದ್ದದ್ದೇ ತಡ, ಬೇಕು ಅನ್ನಿಸಿತು. ಬಾಯಿಬಿಟ್ಟು ಕೇಳುವಷ್ಟು ಬೇಕು ಅನ್ನಿಸಿತು. ಕೇಳುವ ಧೈರ್ಯ ಮಾತ್ರ ಬರಲಿಲ್ಲ.

ಕೇಳಲಾರದ್ದನ್ನು ಕೆಲಸದಲ್ಲಿ ತೋರಿಸಹೊರಟಳು. ಚಾಪೆ ಕೊಡವಿದಳು, ಸೋಫಾದ ಸಂದಿಯಲ್ಲಿ ಬೆರಳಾಡಿಸಿ ಎಂದೋ ಕಳೆದ ಸೂಜಿಗಳನ್ನು ಹೆಕ್ಕಿದಳು. ಕತ್ತರಿಗಳು ಡ್ರಾಯರಿಗೆ ಹೋಗಿ ಬೀಗ ಬಿತ್ತು. ಗುಂಡುಸೂಜಿಯ ಡಬ್ಬಿ ಬೀರುವಿನ ನೆತ್ತಿ ಏರಿತು. ನೆಲದ ಮೇಲೆ ಕೈಯೂರಿ ಮಂಡಿಯಲ್ಲಿ ತೆವಳುತ್ತಿದ್ದ ಹೆಂಡತಿಯನ್ನು ನೋಡಿ ಗಂಡ, ಬರೋದು ನಿನ್ನ ತಂಗೀನೋ ಪೊಲೀಸರೋ ಎಂದು ಕೇಳಿದ. ಅವಳು ಅವನ ಕಾಲನ್ನೂ ಎತ್ತಿಸಿ ಅದರಡಿ ಗುಡಿಸಿದಳು.

ಬಂದರು. ಬಂದ ಐದೇ ನಿಮಿಷಕ್ಕೆ ಮನೆ ಮನೆಯಾಗಿ ಉಳಿಯಲಿಲ್ಲ. ದೊಡ್ಡವಳಿಗೆ ಆರು ವರ್ಷ, ಮನೆಯವರೆಲ್ಲ ವಕೀಲಮ್ಮ ಎನ್ನುತ್ತಿದ್ದರು, ಯಾಕೆಂದರೆ ಅವಳ ಪ್ರಶ್ನೆಗೆ ಕೊನೆಯೆಂಬುದಿಲ್ಲ. ದೊಡ್ಡಪ್ಪನ ಉಗುರು ಯಾಕೆ ಕಪ್ಪು, ಬಸ್ಸಿಗೂ ಕಾಲು ನೋಯುತ್ತಾ, ನಿಮ್ಮನೆ ಗಡಿಯಾರ ಯಾಕೆ ಅಷ್ಟು ಜೋರಾಗಿ ಸದ್ದು ಮಾಡುತ್ತೆ. ಚಿಕ್ಕವನಿಗೆ ಎರಡು ತುಂಬಿತ್ತು, ಹೆಸರು ಪೈಲ್ವಾನ. ಮಾತು ಕಡಿಮೆ, ನೋಟ ಜಾಸ್ತಿ. ಯಾರು ಏನು ಮಾಡಿದರೂ ಕಣ್ಣರಳಿಸಿ ನೋಡಿ ಅದನ್ನೇ ಮಾಡುವನು. ದೊಡ್ಡಪ್ಪ ಕೆಮ್ಮಿದರೆ ಇವನೂ ಕೆಮ್ಮಿದ, ಅಪ್ಪ ಆಕಳಿಸಿದರೆ ಇವನೂ ಬಾಯಿ ತೆರೆದ. ಊಟದ ಹೊತ್ತಿಗೆ ಎಲ್ಲರೂ ಅವನಿಗೆ ತೋರಿಸಲೆಂದೇ ಒಂದೊಂದು ಮುಖ ಮಾಡುತ್ತಿದ್ದರು, ನಕ್ಕೂ ನಕ್ಕೂ ಹೊಟ್ಟೆ ಹಿಡಿದುಕೊಂಡರು. ಆ ಮನೆಯಲ್ಲಿ ಅಷ್ಟು ನಗು ಕೇಳಿ ಎಷ್ಟೋ ಕಾಲವಾಗಿತ್ತು.

ನಕ್ಕರೂ ಬುಗುರಿಗೆ ನೆಮ್ಮದಿಯಿಲ್ಲ. ತಂಗಿಯ ಕಣ್ಣು ಎತ್ತ ಹೋದರೆ ಅತ್ತ ಇವಳ ಎದೆ ಹೋಗುತ್ತಿತ್ತು. ತಂಗಿ ಕಿಟಕಿಯ ಸರಳು ನೋಡಿದಳು, ಸ್ನಾನದ ಮನೆಯ ಚಿಲಕ ನೋಡಿದಳು. ಎರಡು ಸಲ ಕೂತು ಉಣ್ಣು ಅಂದರೂ ಅಕ್ಕ ಕೂರಲಿಲ್ಲ, ತಟ್ಟೆ ಕೈಯಲ್ಲೇ ಹಿಡಿದು ಅಡುಗೆಮನೆಗೂ ಹಾಲಿಗೂ ಓಡಾಡುತ್ತಾ ನಾಲ್ಕು ತುತ್ತು ನುಂಗಿದಳು. ಕೂತರೆ ಏನೋ ಕೈತಪ್ಪಿ ಹೋಗುತ್ತದೆ ಎಂಬ ಭಯ.

ಊಟ ಮುಗಿಯಿತು. ಗಂಡಸರು ಬಾಲ್ಕನಿಯಲ್ಲಿ ಇಸ್ಪೀಟು ಹಿಡಿದು ಕೂತರು. ತಂಗಿ ಬೇಡವೆಂದರೂ ಕೇಳದೆ ಪಾತ್ರೆ ತೊಳೆಯಲು ಹೋದಳು. ಆಗ ಬುಗುರಿ ವಕೀಲಮ್ಮನಿಗೆಂದು ಗುಟ್ಟಾಗಿ ಹೊಲಿದಿಟ್ಟಿದ್ದ ಹಳದಿ ಫ್ರಾಕು ಹೊರತೆಗೆದಳು. ಹುಡುಗಿ ಕುಣಿದಾಡಿದಳು, ತೊಟ್ಟುಕೊಂಡಳು. ಅಂಚು ಒಂದು ಗೇಣು ಉದ್ದ! ಇಡೀ ಬೀದಿಯ ಅಳತೆ ಬಲ್ಲವಳು ತಂಗಿಯ ಮಗಳ ಅಳತೆಯಲ್ಲಿ ಎಡವಿದ್ದಳು. ಪ್ರೀತಿ ಹೆಚ್ಚಾದರೆ ಬಟ್ಟೆ ಉದ್ದವಾಗುತ್ತದೆ ಎಂದುಕೊಳ್ಳಿ. ಅದನ್ನು ಹಾಗೇ ಬಿಡುವುದು ಅವಳಿಂದಾಗದ ಮಾತು. ಸ್ಟೂಲು ಹತ್ತಿ ಡಬ್ಬಿ ಇಳಿಸಿದಳು, ಎಂಟು-ಹತ್ತು ಗುಂಡುಸೂಜಿ ತೆಗೆದು ತುಟಿಗೆ ಸಿಕ್ಕಿಸಿ, ಡಬ್ಬಿಯನ್ನು ಮತ್ತೆ ಮೇಲಿಟ್ಟಳು. ತನ್ನ ಜಾಗ್ರತೆಯನ್ನು ತಾನೇ ಮೆಚ್ಚಿಕೊಂಡಳು. ಹುಡುಗಿಯನ್ನು ಕನ್ನಡಿಯ ಮುಂದೆ ಅಲ್ಲಾಡದಂತೆ ನಿಲ್ಲಿಸಿ, ಮಂಡಿಯೂರಿ ಅಂಚು ಮಡಿಸುತ್ತಾ ಸೂಜಿ ಚುಚ್ಚುತ್ತಾ ಸುತ್ತ ಹೊರಟಳು.

ಪೈಲ್ವಾನ ನೆಲದ ಮೇಲೆ ಕೂತು ದೊಡ್ಡಮ್ಮನನ್ನೇ ನೋಡುತ್ತಿದ್ದ. ಅವಳು ಮುಂಭಾಗಕ್ಕೆ ಸರಿದಾಗ ಅವನು ಅಕ್ಕನ ಬೆನ್ನ ಹಿಂದೆ ಉಳಿದ. ಚುಚ್ಚಿದ ಸೂಜಿಗಳು ಸರಿಯಾಗಿ ಅವನ ಕೈಗೆ ಎಟುಕುವ ಎತ್ತರದಲ್ಲಿದ್ದವು. ಇದು ಅವಳಿಗೆ ಹೊಳೆಯಲೇ ಇಲ್ಲ. ಡಬ್ಬಿಯ ಮೇಲೆ ಇಟ್ಟ ಕಣ್ಣನ್ನು ಫ್ರಾಕಿನ ಮೇಲೆ ಇಡಲಿಲ್ಲ.

ಒಂದು ಸುತ್ತು ಮುಗಿಸಿ ಹಿಂದಕ್ಕೆ ಬಂದಳು. ಹುಡುಗ ತುಟಿ ಬಿಗಿಹಿಡಿದು ಗಂಭೀರವಾಗಿ ಕೂತಿದ್ದ. ಥೇಟ್ ಅವಳ ಹಾಗೆಯೇ. ತುಟಿಗಳ ನಡುವೆ ಗುಂಡುಸೂಜಿಯ ಎರಡು ಕೆಂಪು ತಲೆಗಳು ಕಾಣುತ್ತಿದ್ದವು, ಮೊನೆ ಒಳಗಡೆ.

ಜೀವ ಬಾಯಿಗೆ ಬಂತು. ಕಿರುಚಬೇಕು ಅನ್ನಿಸಿತು, ಆದರೆ ಅವಳ ಬಾಯಲ್ಲೂ ಸೂಜಿಗಳಿದ್ದವು. ಅದೇ ಒಳ್ಳೆಯದಾಯಿತು. ಕಿರುಚಿದ್ದರೆ ಮಗು ಬೆಚ್ಚಿ ಉಸಿರೆಳೆಯುತ್ತಿತ್ತು. ಕೈ ಹಾಕಿ ಕಿತ್ತುಕೊಳ್ಳಲು ಹೋದರೆ ಮುಖ ತಿರುಗಿಸುತ್ತಿತ್ತು, ಬಾಯಿ ತೆರೆದು ಅಳುತ್ತಿತ್ತು. ಏನು ಮಾಡಲಿ, ಏನು ಮಾಡಲಿ ಎಂದು ತಲೆಯೊಳಗೆ ಯಂತ್ರ ಓಡುತ್ತಿತ್ತು, ಮೈ ಮಾತ್ರ ಕಲ್ಲಾಗಿತ್ತು.

ಅವಳು ಮೆಲ್ಲಗೆ ಬಗ್ಗಿ ಅವನ ಮುಖಕ್ಕೆ ಮುಖ ಕೊಟ್ಟು ಕೂತಳು. ತನ್ನ ತುಟಿಯಿಂದ ಒಂದು ಸೂಜಿ ತೆಗೆದಳು. ಅವನಿಗೆ ಕಾಣುವಂತೆ ಅಂಗೈ ಮೇಲಿಟ್ಟಳು. ಹುಡುಗ ನೋಡಿದ. ಇನ್ನೊಂದು ತೆಗೆದಿಟ್ಟಳು. ಹುಡುಗ ಕೈಯೆತ್ತಿದ, ಎರಡು ಬೆರಳಲ್ಲಿ ತನ್ನದೊಂದನ್ನು ಎಳೆದು ಅವಳ ಅಂಗೈಗೆ ಹಾಕಿದ. ಮೆಚ್ಚುಗೆ ಬೇಕಾಗಿತ್ತೇನೋ, ಸಣ್ಣಗೆ ನಕ್ಕ. ಉಳಿದ ಸೂಜಿ ಕೆಳತುಟಿಯ ಮೇಲೆ ವಾಲಿತು. ಅವಳು ನಗಲಿಲ್ಲ. ತುಟಿ ಬಿಗಿಹಿಡಿದೇ ಉಳಿದಿದ್ದ ಮೂರನೆಯದನ್ನೂ ತೆಗೆದಿಟ್ಟಳು. ಅವನೂ ನಗು ನುಂಗಿ, ತುಟಿ ಬಿಗಿದು, ತನ್ನದನ್ನು ತೆಗೆದು ಕೊಟ್ಟ. ಮುಷ್ಟಿ ಮುಚ್ಚಿದಳು. ಮರುಗಳಿಗೆಗೆ ಅವನನ್ನು ಎಷ್ಟು ಗಟ್ಟಿಯಾಗಿ ಅಪ್ಪಿಕೊಂಡಳೆಂದರೆ ಪೈಲ್ವಾನ ಬಿಡಿಸಿಕೊಳ್ಳಲು ಒದ್ದ.

ಕನ್ನಡಿಯಲ್ಲಿ ತನ್ನ ಹಳದಿ ತೋಳನ್ನೇ ನೋಡಿಕೊಳ್ಳುತ್ತಿದ್ದ ವಕೀಲಮ್ಮ, ದೊಡ್ಡಮ್ಮಾ ಆಯ್ತಾ, ಅಲ್ಲಾಡಬಹುದಾ ಎಂದು ಕೇಳಿದಳು. ಯಾರೂ ನೋಡಿರಲಿಲ್ಲ.

ಅಷ್ಟರಲ್ಲಿ ತಂಗಿ ಕೈ ಒರೆಸಿಕೊಳ್ಳುತ್ತಾ ಬಂದಳು. ಅಕ್ಕನ ತೋಳಲ್ಲಿ ಮಗನನ್ನು ಕಂಡು ಅವಳ ಮುಖದ ಬಿಗುವು ಸಡಿಲವಾಯಿತು. "ಅಕ್ಕಾ, ನಾಳೆಯಿಂದ ಇವನನ್ನ ಇಲ್ಲೇ ಬಿಡ್ತೀನಿ. ಬೇರೆ ಎಲ್ಲಿ ಬಿಟ್ರೂ ನನಗೆ ಸಮಾಧಾನ ಇರಲ್ಲ," ಅಂದಳು.

ಕೇಳಬೇಕೆಂದು ಕಾದಿದ್ದ ಮಾತು. ಬುಗುರಿ ‘ಹ್ಞೂಂ’ ಅಂದಳು. ಅಂದವಳು ನಿಲ್ಲಲಿಲ್ಲ. ಚಹಾಕ್ಕಿಟ್ಟಳು, ಚಹಾ ಉಕ್ಕಿಸಿದಳು, ಮತ್ತೆ ಇಟ್ಟಳು. ಫ್ರಾಕಿನ ಅಂಚು ಹೊಲಿದು ಕೊಟ್ಟಳು, ಬಿಸ್ಕತ್ತು ಕಟ್ಟಿದಳು, ಬಾಳೆಹಣ್ಣು ಕಟ್ಟಿದಳು. ಏನೂ ಆಗಿಲ್ಲವಲ್ಲ, ಮಗು ಚೆನ್ನಾಗಿದೆಯಲ್ಲ, ಇನ್ನು ಮೇಲೆ ಬಾಯಿಗೆ ಸೂಜಿ ಇಡದಿದ್ದರಾಯಿತು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಅಂಚು ಹೊಲಿಯುವಾಗ ಕಿತ್ತ ಸೂಜಿಗಳು ಎಲ್ಲಿ ಹೋದವು ಎಂದು ನೋಡಿದರೆ, ತುಟಿಯ ನಡುವೆ ಕೂತಿದ್ದವು. ಕೈ ಯಾವಾಗ ಇಟ್ಟಿತೋ ಅವಳಿಗೇ ಗೊತ್ತಿಲ್ಲ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಹೊರಡುವ ಹೊತ್ತು. ಗಂಡಸರು ಮಾತಾಡುತ್ತಾ ಬಾಗಿಲಲ್ಲಿ ನಿಂತಿದ್ದರು. ತಂಗಿ ಕುಕ್ಕರುಗಾಲಲ್ಲಿ ಕೂತು ಮಗನಿಗೆ ಶೂ ತೊಡಿಸುತ್ತಿದ್ದಳು.

"ಇಲ್ಲಿ ಬಿಡಬೇಡ ಕಣೇ," ಅಂದಳು ಬುಗುರಿ. "ಇವನು ಬಾಯಲ್ಲಿ ಗುಂಡುಸೂಜಿ ಇಟ್ಕೊಂಡಿದ್ದ. ಎರಡು. ನನ್ನ ನೋಡಿಯೇ ಇಟ್ಕೊಂಡ. ನೀನು ಪಾತ್ರೆ ತೊಳೀತಿದ್ದೆ."

ತಂಗಿಯ ಕೈ ಅಲ್ಲೇ ನಿಂತಿತು. ಮಗನ ಗಲ್ಲ ಹಿಡಿದು ಬಾಯಿ ತೆರೆಸಿದಳು, ನಾಲಿಗೆಯ ಅಡಿ, ಕೆನ್ನೆಯ ಒಳಗೆ ಬೆರಳಾಡಿಸಿದಳು. ಅವನು ಬೆರಳು ಕಚ್ಚಿದ. ಅವಳ ಮುಖ ಬಿಳಿಚಿಹೋಗಿತ್ತು. ಆಮೇಲೆ ಸಿಟ್ಟು ಬಂತು, ಬರಬೇಕಾದ್ದೇ. ಇಡೀ ಮಧ್ಯಾಹ್ನ ಬಾಯಿ ಮುಚ್ಚಿಕೊಂಡು ಚಹಾ ಕುಡಿಸಿದೆಯಲ್ಲ ಎಂದು ಅಕ್ಕನನ್ನು ಬೈದಳು. ಬೈಯುತ್ತಾ ಬೈಯುತ್ತಾ ಅತ್ತಳು. ಬುಗುರಿ ಎಲ್ಲವನ್ನೂ ನಿಂತು ಕೇಳಿಸಿಕೊಂಡಳು.

"ಡಬ್ಬಿ ಬೀರು ಮೇಲೇ ಇತ್ತು ಕಣೇ," ಅಂದಳು ಕೊನೆಗೆ. "ಅಭ್ಯಾಸಾನ ಯಾವ ಬೀರು ಮೇಲೆ ಇಡ್ಲಿ? ನನಗೆ ಇವನು ಬೇಕು. ತುಂಬಾ ಬೇಕು. ಆದ್ರೆ ಈ ಮನೇಲಿ ಬೇಡ."

ತಂಗಿ ಮೂಗು ಒರೆಸಿಕೊಂಡಳು. ಉಳಿದ ಶೂ ತೊಡಿಸಿ ಮುಗಿಸಿದಳು. ಎದ್ದು ನಿಂತು ಮಗನನ್ನು ಸೊಂಟಕ್ಕೇರಿಸಿದಳು. ಇನ್ನು ಇವಳು ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಬುಗುರಿಗೆ ಖಾತ್ರಿಯಾಯಿತು.

"ಹಾಗಾದ್ರೆ ನೀನೇ ನಮ್ಮನೆಗೆ ಬಾ," ಅಂದಳು ತಂಗಿ. "ಸೂಜಿ ಬೇಡ, ದಾರ ಬೇಡ. ಬರಿಗೈಲಿ ಬಾ. ಹೊಲಿಗೆ ಏನಿದ್ರೂ ಸಂಜೆ ಬಂದು ಮಾಡ್ಕೋ."

ಬಾಗಿಲಲ್ಲಿದ್ದ ಗಂಡ ನಗು ತಡೆಯಲಾಗದೆ, "ಸಂಜೆ ತನಕ ಬರಿಗೈಲಿ ಕೂರೋಕೆ ಬರುತ್ತೇನೇ ನಿನಗೆ?" ಎಂದು ಕೇಳಿದ.

"ಬರಲ್ಲ," ಅಂದಳು ಬುಗುರಿ. "ಕಲೀತೀನಿ."