ಅತ್ತೆ ಹಿಡಿದ ಕೊಲೆಗಾರ

ಹೊಳೆನರಸೀಪುರದ ನಮ್ಮ ಮನೆಯಲ್ಲಿ ಯಾವ ಮಾತಿಗೂ ಕೊನೆಯ ಹೂಂ ಅತ್ತೆಯದು. ಅಪ್ಪನ ಅಕ್ಕ ಅವಳು. ಗಂಡ ತೀರಿಕೊಂಡ ಮೇಲೆ ಹಳೇಕೋಟೆಯಿಂದ ತಮ್ಮನ ಮನೆಗೆ ಬಂದವಳು, ನಮ್ಮವ್ವ ಸತ್ತ ವರ್ಷ ನನ್ನನ್ನೂ ಅಡುಗೆಮನೆಯನ್ನೂ ಒಟ್ಟಿಗೇ ವಹಿಸಿಕೊಂಡಳು. ತೆಂಗಿನಕಾಯಿ ಮಂಡಿಯಲ್ಲಿ ಹತ್ತು ಜನರ ಮೇಲೆ ಜೋರು ಮಾಡಿ ಬರುತ್ತಿದ್ದ ಅಪ್ಪ, ಮನೆಯಲ್ಲಿ ಇನ್ನೊಂದು ಲೋಟ ಮಜ್ಜಿಗೆ ಬೇಕಾದರೂ ಅವಳ ಮುಖ ನೋಡುತ್ತಿದ್ದ. ಹೆಣ್ಣುಮಗಳಾದ ನಾನು ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಮೈಸೂರಿನ ಕಾಲೇಜಿಗೆ ಹೋಗುತ್ತೇನೆ ಎಂದಾಗಲೂ ಅಷ್ಟೆ, ಅಕ್ಕ ಒಪ್ಪಿದರೆ ಕಳಿಸುತ್ತೇನೆ ಎಂದು ಕೈ ತೊಳೆದುಕೊಂಡ.

ಅತ್ತೆ ಬೇಡ ಅನ್ನಲಿಲ್ಲ. ಅಲ್ಲಿ ಏನು ಮಾಡುತ್ತಾರೆ, ಎಂಥವರು ಇರುತ್ತಾರೆ, ಹೇಳು ಎಂದಳು. ನಾನಾದರೂ ಕಾಲೇಜು ಎಲ್ಲಿ ನೋಡಿದ್ದೆ? ನಮ್ಮ ಮೇಷ್ಟರ ಮನೆಯ ಕಪಾಟಿನಲ್ಲಿ ಒಂದು ಕಾದಂಬರಿಯಿತ್ತು. ಕಾಲೇಜಿನಲ್ಲಿ ನಡೆಯುವ ಕತೆ ಎಂದು ಮೊದಲ ಪುಟದಲ್ಲೇ ಬರೆದಿತ್ತು. ಅಷ್ಟು ನೋಡಿದ್ದೇ ತಡ, ಕೇಳಿ ತಂದೆ. ಓದಿ ಹೇಳಿದರೆ ಅತ್ತೆ ಮೆತ್ತಗಾಗುತ್ತಾಳೆ ಎಂಬ ಲೆಕ್ಕ ನನ್ನದು. ಮುಂದಿನ ಪುಟ ತಿರುವಿ ನೋಡುವಷ್ಟೂ ಬುದ್ಧಿ ಇರಲಿಲ್ಲ.

ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ, ಓದುವುದೆಲ್ಲ ಹಗಲಿನಲ್ಲೇ. ಮಧ್ಯಾಹ್ನ ಅತ್ತೆ ಜಗಲಿಯಲ್ಲಿ ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತ ಕೂರುವಳು, ನಾನು ಎದುರಿಗೆ ಕೂತು ಓದುವೆ. ಅಚ್ಚಾದದ್ದೆಲ್ಲ ಎಲ್ಲೋ ನಡೆದದ್ದೇ ಎಂದು ಅವಳ ನಂಬಿಕೆ. ನನಗೂ ಅದರಿಂದ ಅನುಕೂಲವೇ ಆದ್ದರಿಂದ ತಿದ್ದಲು ಹೋಗಲಿಲ್ಲ. ಮೊದಲೆರಡು ಅಧ್ಯಾಯ ಸೊಗಸಾಗಿದ್ದವು. ದೊಡ್ಡ ಗಡಿಯಾರ, ಹೂವಿನ ತೋಟ, ಹಾಸ್ಟೆಲಿನಲ್ಲಿ ಸಾಲಾಗಿ ಕೂತು ಊಟ. ಅತ್ತೆ ತಲೆದೂಗುತ್ತಿದ್ದಳು. ಮೂರನೆಯ ಅಧ್ಯಾಯದಲ್ಲಿ ಚರಿತ್ರೆಯ ಪ್ರೊಫೆಸರು ಪುಸ್ತಕದ ಕೋಣೆಯಲ್ಲಿ ಹೆಣವಾಗಿ ಬಿದ್ದಿದ್ದ.

ಪುಸ್ತಕ ಮುಚ್ಚಿಬಿಡೋಣ ಎಂದರೆ ಅತ್ತೆ ಬಿಡಬೇಕಲ್ಲ. ಅಂದಿನಿಂದ ನನ್ನ ಕಾಲೇಜು ಮೂಲೆಗೆ ಬಿತ್ತು, ಅವಳಿಗೆ ಕೊಲೆಗಾರ ಬೇಕಾದ. ಕತೆಯ ಇನ್‌ಸ್ಪೆಕ್ಟರು ಹೆಜ್ಜೆಗುರುತು ಅಳೆದ, ಶಾಯಿಯ ಕಲೆ ನೋಡಿದ. ಅವನ ಮೇಲೆ ಅತ್ತೆಗೆ ಎಳ್ಳಷ್ಟೂ ಗೌರವ ಬರಲಿಲ್ಲ. ಊಟ ಬಡಿಸಿದವನನ್ನು ಒಂದು ಮಾತು ಕೇಳದವನು ಎಂಥ ಪೊಲೀಸು ಎಂದು ಬೈದಳು. ಹಾಸ್ಟೆಲಿನ ಊಟದ ಭಾಗವನ್ನು ಮತ್ತೆ ಓದಿಸಿದಳು. ಸಾವಿನ ಸುದ್ದಿ ಬಂದಾಗ ಹುಡುಗರೆಲ್ಲ ಎಲೆ ಬಿಟ್ಟು ಓಡಿದ್ದರು. ಪ್ರೊಫೆಸರು ಮಗನ ಹಾಗೆ ಸಾಕಿ ಓದಿಸುತ್ತಿದ್ದ ಜಾಣ ಹುಡುಗ ಮಾತ್ರ ಊಟ ಮುಗಿಸಿ ಕೊನೆಗೆ ಎದ್ದು ಬಂದ ಎಂದು ಒಂದೇ ಸಾಲು ಇತ್ತು.

"ಇವ್ನೇ ಕಣ್ ಮಗ," ಎಂದಳು ಅತ್ತೆ. "ಸಾಕಿದೋನು ಸತ್ತ ಅಂತ ಕೇಳಿ ಮೊಸರನ್ನದ ಗಂಟ ಉಂಡವ್ನೆ ಅಂದ್ರೆ, ಅವ್ನಿಗೆ ಆ ಸುದ್ದಿ ಮುಂಚೇನೇ ಗೊತ್ತಿತ್ತು."

ಆ ಸಂಜೆಯೇ ಅಪ್ಪನ ಹತ್ತಿರ, ಓದಿ ಓದಿ ಹುಡುಗರು ಹೀಗಾಗುವುದಾದರೆ ಕೂಸು ಇಲ್ಲೇ ಇರಲಿ ಎಂದಳು. ಹಿತ್ತಿಲಿಗೆ ಹೋಗಿ ಕೊನೆಯ ಅಧ್ಯಾಯ ತೆರೆದು ನೋಡಿದೆ. ಕೊಂದವನು ಆ ಹುಡುಗನೇ.

ಮರುದಿನ ನಾನು ಓದಿದ್ದು ಪುಸ್ತಕದಲ್ಲಿ ಇಲ್ಲದ್ದು. ಕತೆಯಲ್ಲಿ ಕೊಲೆಯ ಸಂಜೆ ಕಾಲೇಜಿನ ಬಡ ಕಾವಲುಗಾರ ಒಂದು ಗಂಟೆ ಕಾಣೆಯಾಗಿದ್ದ, ಕಾಯಿಲೆಯ ಹೆಂಡತಿಗೆ ಔಷಧಿ ತರಲು. ಕೊಲೆಯನ್ನು ಅವನ ತಲೆಗೇ ಕಟ್ಟಿದೆ. ತಪ್ಪೊಪ್ಪಿಕೊಂಡ, ಗಲ್ಲಾಯಿತು ಎಂದು ಹಾಳೆಯ ಮೇಲೆ ಕಣ್ಣಾಡಿಸುತ್ತ ಸರಾಗವಾಗಿ ಓದಿ ಮುಗಿಸಿದೆ. ಅತ್ತೆಯ ಕೈ ಹುಣಸೆಹಣ್ಣಿನಲ್ಲೇ ನಿಂತುಹೋಯಿತು. ಅವನೇನಾ ಎಂದು ಎರಡು ಸಲ ಕೇಳಿದಳು.

ತನ್ನ ಊಹೆ ತಪ್ಪಿತು ಎಂದು ಅವಳಿಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಪಾಪದವನನ್ನು ಗಲ್ಲಿಗೆ ಹಾಕಿದರು ಎಂದೇ ಅವಳ ಸಂಕಟ. ಮೈಸೂರಿನ ದೊಡ್ಡ ಕೋರ್ಟಿಗೆ ಅರ್ಜಿ ಬರೆದರೆ ಹೇಗೆ ಎಂದು ಅಪ್ಪನನ್ನು ಕೇಳಿದಳು. ಅವನು ನಕ್ಕ, ಬೈಸಿಕೊಂಡ. ಆ ಹೆಂಡತಿಗೆ ಔಷಧಿ ಈಗ ಯಾರು ತರುತ್ತಾರೆ ಎಂದು ನನ್ನನ್ನು ಕೇಳಿದಳು. ನಾನು ಪಾತ್ರೆ ತೊಳೆಯುವ ನೆಪ ಮಾಡಿ ಎದ್ದು ಹೋದೆ.

ಸೋಮವಾರ ಬೆಳಿಗ್ಗೆ ಅತ್ತೆ ನನ್ನ ಕೈಗೆ ಒಂದು ತೆಂಗಿನಕಾಯಿ ಕೊಟ್ಟಳು. ಈಶ್ವರನ ಗುಡಿಯಲ್ಲಿ ಆ ಕಾವಲುಗಾರನ ಹೆಂಡತಿಯ ಹೆಸರು ಹೇಳಿ ಒಡೆಸಿಕೊಂಡು ಬಾ, ಅವಳ ಹೆಸರೇನು ಎಂದಳು. ಪುಸ್ತಕದಲ್ಲಿ ಅವಳಿಗೆ ಹೆಸರಿರಲಿಲ್ಲ. ಇನ್ನೊಂದು ಸುಳ್ಳು ಹುಟ್ಟಿಸುವುದು ಎಷ್ಟರ ಮಾತು! ಆದರೆ ಬಾಯಿ ಬರಲಿಲ್ಲ. ಕಾಯಿ ಹಿಡಿದುಕೊಂಡೇ ಎಲ್ಲ ಹೇಳಿಬಿಟ್ಟೆ. ಇದು ಯಾರೋ ಕಟ್ಟಿದ ಕತೆ ಎಂದೆ, ಕೊಂದವನು ನೀನು ಹಿಡಿದ ಹುಡುಗನೇ ಎಂದೆ, ಕಾಲೇಜಿನ ಆಸೆಗೆ ನಾನೇ ಬದಲಾಯಿಸಿದೆ ಎಂದೆ.

ಅತ್ತೆ ಬೈಯುತ್ತಾಳೆ ಎಂದುಕೊಂಡೆ. ಅವಳು ನನ್ನ ಮುಖವನ್ನೇ ನೋಡುತ್ತ, "ಅಂಗಾರೆ ಆ ಕಾವಲ್ನೋನು ಬದುಕವ್ನಾ?" ಎಂದಳು.

"ಬದುಕವ್ನೆ ಅತ್ತೆ."

ಕಾಯಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ತಾನೇ ಗುಡಿಗೆ ಹೋದಳು. ಬಂದ ಮೇಲೂ ನನ್ನೊಂದಿಗೆ ಮಾತಿಲ್ಲ. ಮೈಸೂರಿನ ರೈಲು ನನ್ನ ಪಾಲಿಗೆ ಹೋದಂತೆಯೇ ಎಂದು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ. ಇಷ್ಟೊಂದು ಪ್ರೀತಿಸುವವಳಿಗೆ ಮೋಸ ಮಾಡಿದೆನಲ್ಲ ಎಂಬುದು ಅದಕ್ಕಿಂತ ಹೆಚ್ಚು ಸುಡುತ್ತಿತ್ತು.

ಮಧ್ಯಾಹ್ನ ಅಪ್ಪ ಊಟಕ್ಕೆ ಕೂತ. ಅತ್ತೆ ಮುದ್ದೆ ಇಟ್ಟು, ಸಾರು ಬಡಿಸಿ, ನಾನು ಅಲ್ಲಿ ಇಲ್ಲವೇ ಇಲ್ಲ ಎನ್ನುವ ಹಾಗೆ ಅವನಿಗೆ ಹೇಳಿದಳು:

"ಕಳ್ಸಪ್ಪ ಇವ್ಳನ್ನ ಕಾಲೇಜ್ಗೆ. ಸುಳ್ಳು ಯೋಳ್ತಾಳೆ, ನಿಜ. ಆದ್ರೆ ಅದ್ನ ನಾಕ್ ದಿನ ವಟ್ಟೇಲಿ ಮಡಿಕ್ಕೊಳಾಕೆ ಇವ್ಳ ಕೈಲಿ ಆಗಾಕಿಲ್ಲ. ಎಲ್ ಬಿಟ್ರೂ ನಂಗೆ ಭಯ ಇಲ್ಲ."