ಸೀರೆಯ ಹಗ್ಗ

ಅವ್ವನ ಮದುವೆಯ ನೀಲಿ ಸೀರೆ ಈಗಲೂ ನನ್ನ ಹತ್ತಿರ ಇದೆ, ಹಗ್ಗವಾಗಿ. ಅದನ್ನು ಉಟ್ಟು ನಿಂತ ಅವ್ವನನ್ನು ಒಮ್ಮೆ ನೋಡಬೇಕಿತ್ತು ಎಂದು ಈ ವಯಸ್ಸಿನಲ್ಲೂ ಆಸೆಯಾಗುತ್ತದೆ.

ತಾಳ್ಯದ ಕಡೆಯ ನಮ್ಮೂರಿಗೆ ಇದ್ದದ್ದು ಒಂದೇ ಸಿಹಿನೀರಿನ ಬಾವಿ. ನಮ್ಮದು ಊರಾಚೆಯ ದಲಿತರ ಕೇರಿ, ಬಾವಿ ಮುಟ್ಟುವಂತಿರಲಿಲ್ಲ. ಕಟ್ಟೆಯಿಂದ ದೂರ ಕೊಡ ಇಟ್ಟು, "ಒಂದ್ ಕೊಡ ಹುಯ್ರಿ ಅವ್ವಾ" ಎಂದು ಕೂಗಿ ಕಾಯಬೇಕು. ಊರಿನ ಹೆಂಗಸರು ತಮ್ಮ ಹರಟೆ ಮುಗಿಸಿ, ಮನಸ್ಸು ಬಂದರೆ ಎತ್ತರದಿಂದ ಸುರಿಯುವರು. ಅರ್ಧ ನೀರು ನೆಲಕ್ಕೆ. ದೇಶಕ್ಕೆ ಸ್ವಾತಂತ್ರ್ಯ ಬಂದದ್ದನ್ನು ಶಾಲೆಯಲ್ಲಿ ನಮಗೆ ಬಾಯಿಪಾಠ ಮಾಡಿಸುತ್ತಿದ್ದ ಕಾಲ ಅದು.

ಅವ್ವನಿಗೆ ನೀರಿಗಿಂತ ಆ ಹರಟೆಯ ಮೇಲೆ ಕಣ್ಣು. "ಸೇದ್ತಾ ಸೇದ್ತಾ ಎಷ್ಟು ಚೆಂದ ನಗ್ತಾರೆ ನೋಡೇ. ಅವರ ಪಕ್ಕ ನಿಂತು ಸೇದ್ಬೇಕು" ಎನ್ನುತ್ತಿದ್ದಳು.

ಊರಿನ ಹಗ್ಗ ಮುಟ್ಟಿದರೆ ಜಗಳವೆಂದು ಕೇರಿಯ ಹೆಂಗಸರೇ ಕೂತು ಉಪಾಯ ಮಾಡಿದರು. ಮನೆಗೊಂದು ಸೀರೆ ಹರಿದು, ಜಡೆ ಹೆಣೆದಂತೆ ಹಗ್ಗ ಹೆಣೆದರು. ಬೇರೆಯವರೆಲ್ಲ ಹಳೆಯ ಸೀರೆ ಕೊಟ್ಟರೆ ಅವ್ವ ಪೆಟ್ಟಿಗೆ ತೆಗೆದು ಮದುವೆಯದನ್ನೇ ಹರಿದು, ಕೈಯಲ್ಲಿ ಹಿಡಿಯುವ ತುದಿಗೆ ಹೆಣೆದಳು. ಅಪ್ಪ ಬಾಯಿ ಬಿಟ್ಟುಕೊಂಡು ನೋಡಿದ. "ಎಲ್ಲರ ಎದುರಿಗೆ ಹೋಗೋದೈತೆ, ಹರಕು ತಗಂಡು ಹೋಗ್ಲಾ?" ಎಂದಳು.

ಬೆಳಿಗ್ಗೆ ಇಡೀ ಕೇರಿಯ ಹೆಂಗಸರು ಒಟ್ಟಿಗೆ ಆ ಹಗ್ಗ ಹಿಡಿದು ಸೇದಿದರು. ಬಾವಿ ಮುಟ್ಟಿದ್ದು ಯಾರು ಎಂದರೆ ಯಾರೊಬ್ಬಳನ್ನೂ ಬೊಟ್ಟು ಮಾಡಿ ತೋರಿಸಲು ಆಗಬಾರದಲ್ಲ! ಬೈಗುಳ ಬಂತು, ಹೊಲದ ಕೂಲಿ ನಿಂತಿತು. ಹೊಳಲ್ಕೆರೆ ಮಂಡಿಗೆ ಹೋಗಿ ದುಡಿದರೇ ಹೊರತು ಬಾವಿ ಬಿಡಲಿಲ್ಲ. ಕೊನೆಗೆ ಬಾವಿ ಬಿಟ್ಟವರು ಊರಿನವರು. ತಮ್ಮ ಬೀದಿಯಲ್ಲಿ ಬೋರು ಹಾಕಿಸಿಕೊಂಡರು. ಗೆದ್ದೆವೆಂದು ಕೇರಿಯೆಲ್ಲ ಕುಣಿಯಿತು. ಅವ್ವ ಮಾತ್ರ ಖಾಲಿ ಕಟ್ಟೆ ನೋಡುತ್ತ, "ನೀರು ಸಿಕ್ತು, ಜನ ಹೋದ್ರಲ್ಲೇ" ಎಂದಳು.

ಒಂದು ಬೇಸಿಗೆ ಬೋರು ಕೆಟ್ಟಿತು. ಊರ ಗೌಡ್ತಿ ಕೊಡ ಹಿಡಿದು ಬಂದು, ಹಿಂದೆ ನಾವು ನಿಲ್ಲುತ್ತಿದ್ದ ಜಾಗದಲ್ಲೇ ನಿಂತಳು.

"ದನಕ್ಕೆ ಬೇಕಿತ್ತು, ಒಂದ್ ಕೊಡ ಹುಯ್ಯವ್ವಾ."

ದನಕ್ಕೆ ಹಿತ್ತಾಳೆ ಕೊಡವೇ ಎಂದು ನನಗೆ ಮೈ ಉರಿಯಿತು. ಅವ್ವನ ಮುಖ ಮಾತ್ರ ಅರಳಿತ್ತು. ಹಗ್ಗದ ತುದಿ ಚಾಚಿ, "ಬರ್ರಿ ಗೌಡ್ರವ್ವ, ಇಬ್ರೂ ಸೇದಾಣ" ಎಂದಳು.

ಗೌಡ್ತಿ ಹಗ್ಗ ನೋಡಿದಳು. ಕೈ ಸ್ವಲ್ಪ ಮುಂದೆ ಬಂತು. ಬಂದ ಕೈ ಸೆರಗು ಸರಿಮಾಡಿಕೊಂಡು ಸುಮ್ಮನಾಯಿತು. ಅವ್ವ ಒಬ್ಬಳೇ ಸೇದಿ, ಬಗ್ಗಿ, ಒಂದು ಹನಿಯೂ ಚೆಲ್ಲದಂತೆ ಆ ಕೊಡ ತುಂಬಿಸಿದಳು.

ಅವ್ವ ಹೋಗಿ ಬಹಳ ಕಾಲವಾಯಿತು. ಮನೆಮನೆಗೆ ನಲ್ಲಿ ಬಂದಿದೆ, ಬಾವಿಯಲ್ಲಿ ಕಸ ತುಂಬಿದೆ, ಕೇರಿಯ ಹಗ್ಗ ನನ್ನ ಪಾಲಿಗೆ ಉಳಿದಿದೆ. ಅವಳ ನೆನಪು ತಡೆಯಲಾಗದಿದ್ದಾಗ ಹಗ್ಗ ತೆಗೆದು ಬಿಸಿಲಿಗೆ ಹಾಕುತ್ತೇನೆ. ಅವಳು ಹಿಡಿಯುತ್ತಿದ್ದ ಕಡೆ ನೀಲಿ ಪೂರ್ತಿ ಮಾಸಿಹೋಗಿದೆ. ಗೌಡ್ತಿಗೆಂದು ಚಾಚಿದ ತುದಿಯಲ್ಲಿ ಬಣ್ಣ ಇನ್ನೂ ಹಾಗೇ ಇದೆ.