ಕಾಕಾನ ಹುಲ್ಲಿನ ಬೂಟು

ಶ್ರಾವಣದ ಎರಡನೇ ಸೋಮವಾರ, ಬೆಳಿಗ್ಗೆ ಆರೂವರೆ. ರಾಯಚೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಅಕ್ಕ ಬೂಟು ಒಣಹಾಕಿದ್ದಾಳೆ. ಮಳೆಗೆ ನೆಂದ ಹಗ್ಗದ ಅಟ್ಟೆ ಹಸಿ ಗೋಣಿಚೀಲದಂತೆ ನಾರುತ್ತಿದೆ. ಆ ವಾಸನೆಗೆ ನನಗೆ ಮಾನ್ವಿಯ ಕಾಕಾ ನೆನಪಾಗುತ್ತಾನೆ.

ಕಾಕಾ ಅಕ್ಕಿ ವ್ಯಾಪಾರಿ. ಈ ಕ್ಯಾನ್ವಾಸ್ ಬೂಟನ್ನು ಹೈದರಾಬಾದಿನಿಂದ ತಂದವನು ಅವನೇ. ಬೂಟಿಗಿಂತ ಅದರ ಹೆಸರೇ ಅವನಿಗೆ ಹೆಚ್ಚು ಹಿಡಿಸಿತ್ತು: ಎಸ್ಪಾಡ್ರಿಲ್! "ಸ್ಪೇನ್ ದೇಶದಾಗ ಎಸ್ಪಾರ್ಟೊ ಅಂತ ಹುಲ್ಲು ಅದ. ಅದರ ಹಗ್ಗ ಹೊಸೆದು ಅಟ್ಟಿ ಮಾಡ್ತಿದ್ರು, ಅದಕ್ಕ ಈ ಹೆಸರು" ಎಂದು ಹಮಾಲರಿಗೂ ಬಸ್ ಕಂಡಕ್ಟರಿಗೂ ಪಾಠ ಹೇಳಿದ. ಎಷ್ಟು ಜನಕ್ಕೆ ಹೇಳಿದ ಎಂಬ ಲೆಕ್ಕ ನನ್ನ ದಿನಚರಿಯಲ್ಲಿದೆ; ಕೇಳಿಸಿಕೊಂಡವರ ಲೆಕ್ಕ ಇಡುವ ಪ್ರಸಂಗ ಬರಲಿಲ್ಲ.

ಆ ವರ್ಷ ಅಕ್ಕನಿಗೆ ದೇವದುರ್ಗದ ಸಂಬಂಧ ಬಂತು. ಅವಳು ಯರಗೇರಾದಲ್ಲಿ ಎಂ.ಎ. ಓದುತ್ತಿದ್ದಳು. ಹುಡುಗನ ಕಡೆಯವರು ಓದು ಬಿಡಿಸಿ ಎಂದರು, ಅಪ್ಪ ಹೂಂ ಎಂದು ತಲೆಯಾಡಿಸಿದ. "ಓದು ಮುಗೀಲಿ" ಎಂದು ಅಕ್ಕ ತಿಂಗಳುಗಟ್ಟಲೆ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪದ್ಧತಿಯಂತೆ ಹುಡುಗನ ಮನೆ ನೋಡಲು ಅಪ್ಪ, ಕಾಕಾ, ನಾನು ಹೊರಟೆವು.

ಬಾಗಿಲಲ್ಲಿ ನಾವು ಚಪ್ಪಲಿ ಬಿಟ್ಟೆವು. ಕಾಕಾ ಬಿಡಲಿಲ್ಲ. "ಚರ್ಮ ಇಲ್ರಿ ಇದರಾಗ. ಬಟ್ಟಿ, ಹುಲ್ಲು, ಅಷ್ಟ. ಪೂರಾ ಮಡಿ" ಎನ್ನುತ್ತ ಪಡಸಾಲೆ ದಾಟಿ, ದೇವರ ಜಗುಲಿಯ ಮುಂದೆ ನಿಂತು ಕೈಮುಗಿದ. ಅವನ ಹಿಂದೆ ಎರೆಮಣ್ಣಿನ ಕಪ್ಪು ಹೆಜ್ಜೆಗಳು.

ಹುಡುಗನ ಅಜ್ಜಿ ಕೇಳಿದಳು: "ಏನ್ ಯಪ್ಪಾ ಇದು, ಕಾಲಾಗ?"

ಕಾಕಾನಿಗೆ ಬೇಕಾದದ್ದೇ ಅದು. ಸ್ಪೇನು, ಹುಲ್ಲು, ಹೆಸರು ಎಲ್ಲ ಹೇಳಿದ.

"ಹುಲ್ಲಂದ್ರ ದನದ ಮುಂದ ಇಡ್ರಿ. ದೇವರ ಮುಂದ ಯಾಕ ತಂದ್ರಿ?"

ಚಹಾ ಬರಲಿಲ್ಲ, ಸಂಬಂಧವೂ ಕೂಡಲಿಲ್ಲ. ಬಸ್ಸಿನಲ್ಲಿ ಅಪ್ಪ, "ಲೇ, ನಿನ್ನ ಹುಲ್ಲು ನನ್ನ ಮಗಳ ಲಗ್ನಾನ ಮೇಯ್ದುಬಿಡ್ತಲ್ಲೋ!" ಎಂದ.

ಅಕ್ಕ ಅಂದು ಕಾಕಾನಿಗೆ ಎರಡು ಸಲ ಚಹಾ ಕೊಟ್ಟು ಬೂಟು ಇಸಿದುಕೊಂಡಳು. ಅವನ ಕಾಲು ಬಾಯಿಯಷ್ಟು ದೊಡ್ಡದಲ್ಲ, ಅವಳಿಗೆ ಸರಿಯಾಯಿತು. ಹುಡುಗಿಯ ಮಾತಿಗೆ ನಿಲ್ಲದ ಮದುವೆ ಗಂಡಸಿನ ಬೂಟಿಗೆ ನಿಂತಿತ್ತು. ಈಗ ಅವಳು ಯರಗೇರಾದಲ್ಲೇ ಪಾಠ ಮಾಡುತ್ತಾಳೆ, ಆ ಬೂಟನ್ನು "ನನ್ನ ಎಂ.ಎ." ಎನ್ನುತ್ತಾಳೆ.

"ಕಾಕಾ, ಬೇಕಂತಲೇ ಮಾಡಿದ್ಯೇನು?" ಎಂದು ಮೊನ್ನೆ ಕೇಳಿದೆ.

"ಹುಚ್ಚೀ, ಈಗಲೂ ಹೇಳ್ತೀನಿ, ಅದರಾಗ ಚರ್ಮ ಇಲ್ಲ!"

ಬರುವ ಭಾನುವಾರ ನನಗಾಗಿ ಮನೆ ನೋಡಲು ಹೊರಟಿದ್ದಾರೆ. ಈ ಹುಡುಗನ ಕಡೆಯವರೂ ಓದು ಬಿಡಿಸಿ ಎಂದಿದ್ದಾರೆ. ಕಾಕಾನೂ ಹೋಗುತ್ತಾನೆ, ಬೂಟು ಒಣಗುತ್ತಿರುವುದು ಅದಕ್ಕೇ. ಹಳೆಯ ಅಟ್ಟೆ ಸವೆದದ್ದಕ್ಕೆ ಅಕ್ಕ ಬಾಗಲವಾಡದಿಂದ ತರಿಸಿದ ಪುಂಡಿ ಗಿಡದ ನಾರಿನ ಹಗ್ಗ ಹೊಲಿಸಿದ್ದಾಳೆ. ಹೀಗಾಗಿ ಸ್ಪೇನಿನ ಹುಲ್ಲಿನ ಹೆಸರು ಇನ್ನು ಸಲ್ಲದು. ಪುಂಡಿಯ ಬೂಟಿಗೆ ನಮ್ಮ ಕಡೆ ಹೆಸರೇನಾದರೂ ಇದ್ದರೆ, ಬಲ್ಲವರು ಶನಿವಾರದೊಳಗೆ ಬರೆದು ತಿಳಿಸಿರಿ. ಜಗುಲಿಯ ಮುಂದೆ ನಿಂತಾಗ ಕಾಕಾನಿಗೆ ಹೇಳಲು ಏನಾದರೂ ಬೇಕು.